ಎರಡು ಸರ್ವರಿನ ಎಸ್‌ಕ್ಯೂಎಲ್ ಕ್ಲಸ್ಟರಿಗೆ ಡಿಸ್ಕ್ ಯಾವ ನಮೂನಿ ಹಾಕೂನು? ಹಂಗಾಮು ಶುರು ಆಗೂದ್ರೊಳಗ ಹೇಳ್ರಿ

ಕಾಟಾ_ಮುಧೋಳ

ನಮಸ್ಕಾರ್ರಿ ಎಲ್ಲಾರಿಗೂ. ಮುಧೋಳ ಕಡೆ ಒಂದು ಸಕ್ಕರಿ ಕಾರ್ಖಾನಿಯೊಳಗ ಐಟಿ ನೋಡ್ಕೋತೇನಿ, ನಾನು ಮತ್ತ ಇನ್ನೊಬ್ಬ ಹುಡುಗ, ಇಬ್ಬರ ಇದ್ದೇವಿ. ಈ ಹಂಗಾಮಿಗೆ ಡೇಟಾಬೇಸ್ ಎರಡು ಸರ್ವರಿನ ಕ್ಲಸ್ಟರ್ (ಒಂದು ಕೆಟ್ರ ಇನ್ನೊಂದು ಕೆಲಸ ಹಿಡಿಯೋ ಜೋಡಿ) ಮ್ಯಾಲ ಹಾಕೂದಕ್ಕ ಸಾಹೇಬ್ರು ಒಪ್ಪ್ಯಾರ, ರೊಕ್ಕಾನೂ ಮಂಜೂರ್ ಆಗೈತಿ, ಆದ್ರ ಡಿಸ್ಕಿನ ಮಾತು ಬಂದಕೂಡ್ಲೇ ಮೂರು ಮಂದಿ ಸಪ್ಲಾಯರ್ ಮೂರು ದಿಕ್ಕಿಗೆ ಜಗ್ಗಾಕತ್ತಾರ, ಯಾರ ಮಾತು ಹಿಡೀಬೇಕು ತಿಳೀವಲ್ದು.

ಮೊದಲ ನಮ್ಮಲ್ಲಿ ಏನೇನ ಐತಿ ಹೇಳಿಬಿಡ್ತೇನಿ. ವಿಂಡೋಸ್, ಎಸ್‌ಕ್ಯೂಎಲ್ ಸರ್ವರ್ 2019 ಸ್ಟ್ಯಾಂಡರ್ಡ್. ಡೇಟಾಬೇಸ್ ಮೂರು: ಒಂದು ಕಾಟಾದ (ಗಾಡಿ ತೂಗೋ ಜಾಗ) ತೂಕದ್ದು, ಒಂದು ರೈತರ ಖಾತೆ ಮತ್ತ ಕಬ್ಬಿನ ಬಿಲ್ಲಿಂದು, ಇನ್ನೊಂದು ಸ್ಟೋರ್ ಮತ್ತ ಪಗಾರದ್ದು. ಮೂರೂ ಕೂಡಿ 180 ಜಿಬಿ ಐತಿ, ಒಂದು ಹಂಗಾಮಿಗೆ 25 ಜಿಬಿ ಹೆಚ್ಚಾಗ್ತೈತಿ. ದಿನಕ್ಕ ಸುಮಾರು 900 ಗಾಡಿ ಬರ್ತಾವ, ಪ್ರತಿ ಗಾಡಿ ಎರಡು ಸಲ ಕಾಟಾ ಹತ್ತತೈತಿ, ತುಂಬಿದ್ದು ಒಳಗ ಬರೂವಾಗ ಒಮ್ಮೆ, ಖಾಲಿ ಹೊರಗ ಹೋಗೂವಾಗ ಒಮ್ಮೆ. ಹಗಲು ರಾತ್ರಿ ನಡದ ಇರ್ತೈತಿ.

ಹೋದ ಹಂಗಾಮಿನಾಗ ಏನಾತು ಅಂದ್ರ, ಜನವರಿ ತಿಂಗಳ ಒಂದು ರಾತ್ರಿ ಎರಡೂವರಿಗೆ ಕಾಟಾದಿಂದ ಫೋನ್ ಬಂತು, ಸ್ಕ್ರೀನ್ ಮ್ಯಾಲ ತೂಕ ಕಾಣತೈತಿ ಆದ್ರ ಸೇವ್ ಆಗವಲ್ದು ಅಂತ. ಓಡಿ ಹೋಗಿ ನೋಡಿದ್ರ ಸರ್ವರಿನ ಮೂರನೇ ಡಿಸ್ಕಿನ ದೀಪ ಹಸಿರು ಹೋಗಿ ಕೇಸರಿ ಆಗಿತ್ತು. ನಾಲ್ಕು ಡಿಸ್ಕಿನ ರೇಡ್ 5 (ಒಂದು ಡಿಸ್ಕ್ ಹೋದ್ರ ಉಳಿದವುಗಳಿಂದ ಅದರ ಡೇಟಾ ಮತ್ತ ಹುಟ್ಟಸೋ ಜೋಡಣಿ), ಒಂದೊಂದು 4 ಟಿಬಿ. ಒಂದು ಹೋದ್ರೂ ನಡೀತೈತಿ ಅಂತ ಧೈರ್ಯ ಇತ್ತು, ರೀಸ್ಟಾರ್ಟ್ ಮಾಡಿದೆ, ನಿಧಾನಕ್ಕ ಎದ್ದು ಕುಂತಿತು, ಮರುದಿನ ಮಧ್ಯಾಹ್ನ ಬೆಳಗಾವಿಯಿಂದ ಹೊಸ ಡಿಸ್ಕ್ ತರಿಸಿ ಹಾಕಿದ್ವಿ, ರೀಬಿಲ್ಡ್, ಅಂದ್ರ ಹೊಸ ಡಿಸ್ಕಿಗೆ ಡೇಟಾ ಮತ್ತ ತುಂಬೂದು, ಶುರು ಆತು, 61 ಪರ್ಸೆಂಟಿಗೆ ಬಂದಾಗ ಒಂದನೇ ಡಿಸ್ಕಿನಾಗ ರೀಡ್ ಎರರ್ ಬಂದು ಇಡೀ ಅರೇ (ನಾಲ್ಕೂ ಡಿಸ್ಕಿನ ಗುಂಪು) ಮಲಗಿಬಿಟ್ಟಿತು. ಹಿಂದಿನ ರಾತ್ರಿ ಹನ್ನೊಂದರ ಬ್ಯಾಕಪ್ ಹಾಕಿ ಎಬ್ಬಿಸಿದ್ವಿ. ನಡುವಿನ ಎಲ್ಲಾ ತೂಕ ಕಾರ್ಬನ್ ಚೀಟಿ ನೋಡಿ ಕೈಯಿಂದ ಹೊಡೀಬೇಕಾತು, ನಾಲ್ಕು ಮಂದಿ ಎರಡು ದಿನ ಕುಂತು ಹೊಡದ್ವಿ, ಎರಡನೇ ಕಾರ್ಬನ್ ಕಾಪಿ ಅಂದ್ರ 3 ಯಾವುದು 8 ಯಾವುದು ಗೊತ್ತಾಗಂಗಿಲ್ಲ, ಟಾರ್ಚ್ ಹಿಡದು ಓದಿದ್ವಿ.

ಅವತ್ತ ಗಾಡಿ ಪಾಳಿ ಯಾರ್ಡ್ ತುಂಬಿ ಹೊರಗ ಡಾಂಬರ್ ರೋಡಿನ ಮಟ ನಿಂತಿತ್ತು. ಕಡದ ಕಬ್ಬು ತಾಸಿಗೊಮ್ಮೆ ಒಣಗತೈತಿ, ತೂಕ ಇಳೀತೈತಿ, ಸಕ್ಕರಿ ಅಂಶಾನೂ ಇಳೀತೈತಿ, ಅದು ನೇರ ರೈತನ ರೊಕ್ಕ. ಮಹಾಲಿಂಗಪುರ ಕಡೆಯಿಂದ ಬಂದಿದ್ದ ಹಿರ್ಯಾರೊಬ್ಬರು ಟ್ರೇಲರ್ ಮ್ಯಾಲಿನ ಒಂದು ಗಳ ಮುರದು ತೋರಿಸಿ "ತಮ್ಮಾ, ನಿಮ್ಮ ಮಷೀನ್ ಕೆಟ್ಟಿದ್ದಕ್ಕ ನನ್ನ ಕಬ್ಬಿನ ತೂಕ ಯಾಕ ಕಡಿಮಿ ಆಗಬೇಕು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕ ಈ ಸಲ ಬರೋಬ್ಬರಿ ಮಾಡಬೇಕು ಅಂತ ಕುಂತೇನಿ.

ಈಗ ಮೂರು ಕೊಟೇಶನ್ ಅದಾವ. ಒಂದನೇದ್ದು ನಾಲ್ಕು ಬೇ (ಡಿಸ್ಕ್ ಹಾಕೋ ಖಣ) ಇರೋ ನಾಸ್ ಡಬ್ಬಿ, ಅಂದ್ರ ನೆಟ್‌ವರ್ಕಿಗೆ ಜೋಡಿಸೋ ಡಿಸ್ಕ್ ಪೆಟ್ಟಿಗಿ, ಅದರಾಗ 4 ಟಿಬಿದು ನಾಲ್ಕು 7200 ಆರ್‌ಪಿಎಂ ಡಿಸ್ಕ್, ರೇಡ್ 5, ಐಸ್ಕಸಿ (ನೆಟ್‌ವರ್ಕ್ ಮ್ಯಾಲ ಡಿಸ್ಕ್ ಕೊಡೋ ಪದ್ಧತಿ) ಮ್ಯಾಲ ಎರಡೂ ಸರ್ವರಿಗೆ ಕೊಡೂದು, 12 ಟಿಬಿ ಸಿಗತೈತಿ ಅಂತಾರ, ಎಲ್ಲಾದ್ರಕಿಂತ ಸೋವಿ. ಎರಡನೇದ್ದು ಸಾಸ್ (ಸರ್ವರ್ ಡಿಸ್ಕ್ ಜೋಡಿಸೋ ನಮೂನಿ) ಕೇಬಲ್ಲಿಂದ ಎರಡೂ ಸರ್ವರಿಗೆ ನೇರ ಜೋಡಿಸೋ ಡಿಸ್ಕ್ ಎನ್‌ಕ್ಲೋಜರ್, ಅದರಾಗ ಎರಡು ಕಂಟ್ರೋಲರ್. ಮೂರನೇದ್ದು ಹಂಚಿಕೊಳ್ಳೋ ಡಿಸ್ಕ ಬ್ಯಾಡ, ಪ್ರತಿ ಸರ್ವರಿನಾಗ ಅದರದ ಎಸ್‌ಎಸ್‌ಡಿ ಹಾಕಿ ಅವೇಲಬಿಲಿಟಿ ಗ್ರೂಪ್ (ಎರಡೂ ಸರ್ವರಿನಾಗ ಡೇಟಾಬೇಸಿನ ಒಂದೊಂದು ಕಾಪಿ ಇಡೋ ಏರ್ಪಾಡು) ಮಾಡ್ರಿ ಅಂತ. ಸೋವಿದು ಹಾಕಿದ್ರ ನಡೀತೈತೇನ್ರಿ? ಇಲ್ಲಾಂದ್ರ ಉಳಿದ ಎರಡರಾಗ ಯಾವುದು?

ಕುಂದಾನಗರಿ_ಡಿಬಿಎ

ಅಣ್ಣಾರ, ಒಂದನೇದ್ದು ಮೊದಲ ಪಕ್ಕಕ್ಕ ಇಡ್ರಿ. ಹೋದ ವರ್ಷ ನಿಮ್ಮನ್ನ ಕೆಡವಿದ್ದು ಏನೈತಿ, ಅದನ್ನ ಡಬ್ಬಿ ಬದಲಿಸಿ ಮತ್ತ ಕೊಡಾಕತ್ತಾರ. ನಾಲ್ಕು ಡಿಸ್ಕ್, ರೇಡ್ 5, 4 ಟಿಬಿ, ಎಲ್ಲಾ ಅದ.

ಯಾಕ ಬ್ಯಾಡ ಅನ್ನೂದು ಲೆಕ್ಕ ಹಾಕಿ ನೋಡೂನು, ಸಾಹೇಬ್ರಿಗೆ ತೋರಸಾಕೂ ಬರ್ತೈತಿ. 7200 ಆರ್‌ಪಿಎಂ ಅಂದ್ರ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್, ಬೇಕಾದ ಜಾಗ ಹೆಡ್ಡಿನ ಕೆಳಗ ಬರಾಕ ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದ್ರ 4 ಮಿಲಿಸೆಕೆಂಡ್ ಮ್ಯಾಲ, ಅದಕ್ಕ ಹೆಡ್ ಸರಿಯೋ ಹೊತ್ತು 8-9 ಕೂಡಿಸ್ರಿ. ಹಂಗಾಗಿ ಒಂದು ಡಿಸ್ಕ್ ಸೆಕೆಂಡಿಗೆ 75-80 ಸಲ ಚದುರಿದ ಓದು ಇಲ್ಲಾ ಬರಹ ಮಾಡಬಲ್ಲದು, ಅಷ್ಟ. ನಾಲ್ಕಕ್ಕ 300 ಅಂತ ಹಿಡೀರಿ. ಆದ್ರ ರೇಡ್ 5ರಾಗ ಒಂದು ಸಣ್ಣ ಬರಹಕ್ಕ ಹಳೇ ಡೇಟಾ ಓದಬೇಕು, ಹಳೇ ಪ್ಯಾರಿಟಿ (ಹೋದ ಡಿಸ್ಕ್ ಮತ್ತ ಹುಟ್ಟಸಾಕ ಇಡೋ ಲೆಕ್ಕ) ಓದಬೇಕು, ಹೊಸ ಡೇಟಾ ಬರೀಬೇಕು, ಹೊಸ ಪ್ಯಾರಿಟಿ ಬರೀಬೇಕು, ಒಂದಕ್ಕ ನಾಲ್ಕು ಕೆಲಸ. 300 ಇದ್ದದ್ದು ಬರೂವಾಗ 75 ಆತು. ನಾಲ್ಕು ಡಿಸ್ಕಿನ ಗಾಡಿ ಒಂದು ಡಿಸ್ಕಿನ ವೇಗಕ್ಕ ಇಳೀತು. ಅವನ್ನ ರೇಡ್ 10 (ಎರಡೆರಡು ಡಿಸ್ಕಿನಾಗ ಒಂದ ಡೇಟಾ) ಮಾಡಿದ್ರ ಒಂದು ಬರಹಕ್ಕ ಎರಡ ಕೆಲಸ, 150 ಸಿಗತೈತಿ.

ಇನ್ನ ರೀಬಿಲ್ಡ್. ಸಾದಾ ದೊಡ್ಡ ಡಿಸ್ಕಿನ ಸ್ಪೆಕ್ ಶೀಟಿನಾಗ ಓದಲಾಗದ ಬಿಟ್ ಎಷ್ಟಕ್ಕೊಂದು ಅಂತ ಬರದಿರ್ತಾರ, 1ರ ಮುಂದ 14 ಸೊನ್ನಿ ಬಿಟ್ ಓದಿದ್ರ ಒಂದು ಅಂತ. ಅಷ್ಟು ಬಿಟ್ ಅಂದ್ರ 12.5 ಟಿಬಿ. ನಿಮ್ಮ ರೇಡ್ 5ರಾಗ ಒಂದು ಹೋದ್ರ ಉಳಿದ ಮೂರನ್ನ ಪೂರ್ತಿ ಓದಬೇಕು, ಮೂರು ನಾಲ್ಕಲೆ 12 ಟಿಬಿ! ಅದು ಕಂಪನಿ ಕೊಡೋ ಮಿತಿ, ಪ್ರತಿ ಸಲ ಹಂಗ ಆಗತೈತಿ ಅಂತಲ್ಲ, ಖರೇ ಅಂದ್ರ ಡಿಸ್ಕ್ ಅದಕ್ಕಿಂತ ಚಲೋನ ಇರ್ತಾವ, ಆದ್ರೂ ಒಂದನ್ನ ಕಳಕೊಂಡು ಆಸರ ಇಲ್ಲದ ನಿಂತ ಹೊತ್ತಿನಾಗ ಅಷ್ಟು ಓದಿಸೂದು ಎಂಥಾ ಧೈರ್ಯ ಅನ್ನೂದು ನಿಮಗ 61 ಪರ್ಸೆಂಟಿನಾಗ ಗೊತ್ತಾಗೈತಿ. ಮತ್ತ 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿ ಲೆಕ್ಕಕ್ಕ ತುಂಬಿದ್ರೂ ಏಳೂವರಿ ತಾಸು, ಅದೂ ಬ್ಯಾರೆ ಯಾವ ಕೆಲಸಾನೂ ಇಲ್ಲದಿದ್ದಾಗ. ನಿಮ್ಮಲ್ಲಿ ಕಾಟಾ ನಿಲ್ಲಂಗಿಲ್ಲ.

12 ಟಿಬಿ ನಿಮಗ ಬೇಕಾಗೇ ಇಲ್ಲ ನೋಡ್ರಿ. 180 ಜಿಬಿ ಇದ್ದವರಿಗೆ ಜಾಗ ಮಾರಾಕ ಬರ್ತಾರ, ನಿಮಗ ಬೇಕಾಗಿದ್ದು ಬರಹದ ವೇಗ ಮತ್ತ ನಿಲ್ಲದ ಇರೂದು.

ಇನ್ನೊಂದು ಮಾತು. 900 ಗಾಡಿ ಎರಡು ಸಲ ಅಂದ್ರ 1800 ತೂಕ, ದಿನಕ್ಕ 1440 ನಿಮಿಷ, ಅಂದ್ರ ನಿಮಿಷಕ್ಕ ಒಂದೂಕಾಲು. ಕಾಟಾದ ಕೆಲಸ ಡಿಸ್ಕಿಗೆ ಭಾರನ ಅಲ್ಲ. ನಿಮ್ಮ ಡಿಸ್ಕ್ ಏದುಸಿರು ಬಿಡೂದು ಬಿಲ್ ರನ್ ಆಗೂವಾಗ, ಅದೂ ಬ್ಯಾಕಪ್ ಮತ್ತ ರಿಪೋರ್ಟ್ ಜೋಡಿ ಬಿದ್ದಾಗ. ಆವಾಗ ಕಾಟಾದ ಒಂದು ಸಣ್ಣ ಸೇವ್ ಬಂದು ಹಿಂದ ನಿಂತಕೊಳ್ಳತೈತಿ, ಯಾಕಂದ್ರ ಕಮಿಟ್ (ಸೇವ್ ಪಕ್ಕಾ ಆಗೂದು) ಅಂದ್ರ ಲಾಗ್ (ಬದಲಾವಣಿ ಬರದಿಡೋ ಫೈಲ್) ಡಿಸ್ಕಿಗೆ ಮುಟ್ಟಿದ ಮ್ಯಾಲನ ಆತು ಅಂತ ಹೇಳ್ತೈತಿ, ಅಲ್ಲಿ ತನಕ ಆಪರೇಟರ್ ಸ್ಕ್ರೀನ್ ನೋಡ್ಕೋತ ಕೂಡಬೇಕು. ಹಿಂಗಾಗಿ ಲಾಗ್ ಬರಹಕ್ಕ ಎಷ್ಟು ಮಿಲಿಸೆಕೆಂಡ್ ಹತ್ತತೈತಿ ಅನ್ನೂದೊಂದು ಅಳದು ನೋಡ್ರಿ, ಎಸ್‌ಕ್ಯೂಎಲ್ ಒಳಗ ವರ್ಚುವಲ್ ಫೈಲ್ ಸ್ಟ್ಯಾಟ್ಸ್ ಅನ್ನೋ ವ್ಯೂ ಐತಿ, ಪ್ರತಿ ಫೈಲಿಗೆ ಎಷ್ಟು ಓದು, ಎಷ್ಟು ಬರಹ, ಎಷ್ಟು ಹೊತ್ತು ಕಾದ್ವು ಎಲ್ಲಾ ಕೊಡತೈತಿ. ಜನವರಿಯ ಬ್ಯಾಕಪ್ ಇದ್ರ ಹಳೇ ಸರ್ವರಿನ ಮ್ಯಾಲ ಹಾಕಿ ಬಿಲ್ ರನ್ ಓಡಿಸಿ ಅಳೀರಿ.

ನನ್ನ ಮತ ಮೂರನೇದ್ದಕ್ಕ. ಎರಡು ಸರ್ವರ್, ಎರಡು ಬ್ಯಾರೆ ಬ್ಯಾರೆ ಕಾಪಿ, ಒಂದರ ಡಿಸ್ಕ್ ಪೂರ್ತಿ ಸುಟ್ಟರೂ ಇನ್ನೊಂದರಾಗ ಎಲ್ಲಾ ಇರ್ತೈತಿ. ಬೇಕಂದ್ರ ಒಂದು ಸರ್ವರ್ ಕಾಟಾ ಕಡೆ, ಒಂದು ಆಫೀಸ್ ಕಡೆ ಇಡಬಹುದು. ಹಂಚಿಕೊಂಡ ಡಿಸ್ಕ್ ಅಂದ್ರ ಸರ್ವರ್ ಎರಡು ಆದ್ರೂ ಡೇಟಾ ಒಂದ ಡಬ್ಬ್ಯಾಗ.

ಗೋಳಗುಮ್ಮಟ_ಹಾರ್ಡ್‌ವೇರ್

ಡಿಬಿಎ ಸರ್ ಹೇಳಿದ್ದು ರೇಡ್ 5ರ ತನಕ ನೂರಕ್ಕ ನೂರು ಒಪ್ತೀನಿ. ಮೂರನೇದ್ದರ ಬಗ್ಗೆ ಸ್ವಲ್ಪ ತಡೀರಿ ಅಂತೀನಿ. ವಿಜಯಪುರದಾಗ ಇದೇ ಕೆಲಸ ಮಾಡ್ಲಿಕತ್ತು ಭಾಳ ವರ್ಷ ಆತು, ಎರಡೂ ನಮೂನಿ ಹಾಕೀನಿ.

ಸ್ಟ್ಯಾಂಡರ್ಡ್ ಎಡಿಷನ್‌ದಾಗ ಸಿಗೋದು ಬೇಸಿಕ್ ಅವೇಲಬಿಲಿಟಿ ಗ್ರೂಪ್. ಒಂದು ಗ್ರೂಪಿಗೆ ಒಂದೇ ಡೇಟಾಬೇಸ್, ಎರಡೇ ರೆಪ್ಲಿಕಾ (ಕಾಪಿ). ನಿಮ್ಮವು ಮೂರು ಡೇಟಾಬೇಸ್ ಅವ, ಅಂದ್ರ ಮೂರು ಗ್ರೂಪ್, ಮೂರೂ ಬ್ಯಾರೆ ಬ್ಯಾರೆಯಾಗಿ ಆ ಕಡೆ ಈ ಕಡೆ ಹೋಗ್ತಾವ. ಈಗ ನಿಮ್ಮ ಬಿಲ್ ಪ್ರೊಸೀಜರ್ ಏನು ಮಾಡ್ತದ ನೋಡ್ರಿ, ಕಾಟಾ ಡೇಟಾಬೇಸಿನ ನೆಟ್ ತೂಕ ತಗೊಂಡು ರೈತರ ಖಾತೆಗೆ ಹಾಕ್ತದ ಹೌದಲ್ಲ? ಒಂದೇ ಕ್ವೆರಿದಾಗ ಎರಡೂ ಡೇಟಾಬೇಸ್ ಮುಟ್ಟತದ. ಕಾಟಾದ್ದು ಒಂದು ಸರ್ವರಿಗೆ ಹೋಗಿ ಖಾತೆದು ಇನ್ನೊಂದರಾಗ ಉಳದ್ರ ಅವತ್ತ ಬಿಲ್ ನಿಂತಂಗೇ. ರೈತರಿಗೆ ಕಬ್ಬು ಹಾಕಿದ 14 ದಿನದೊಳಗ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗೇ ಅದ, ಅದಕ್ಕ ಬಿಲ್ ನಿಲ್ಲೋದೂ ಸಣ್ಣ ಮಾತಲ್ಲ. ಮೂರನ್ನೂ ಜೋಡೀಲೆ ಸರಿಸೋ ಸ್ಕ್ರಿಪ್ಟ್ ಬರೀಬಹುದು, ಆದ್ರ ಅದನ್ನ ಯಾರು ನೋಡ್ಕೋತಾರ? ಮತ್ತ 2019ರಾಗ ಲಾಗಿನ್ ಆಗಲಿ, ಏಜೆಂಟ್ ಜಾಬ್ (ಹೊತ್ತಿಗೆ ತಾನೇ ಓಡೋ ಕೆಲಸ) ಆಗಲಿ ಗ್ರೂಪಿನ ಜೋಡಿ ಬರೂದಿಲ್ಲ, ಎರಡೂ ಕಡೆ ನೀವೇ ಮಾಡಿ ಇಡಬೇಕು. ಕಾಟಾದ್ದೊಂದು ಪಾಸ್‌ವರ್ಡ್ ಬದಲಿ ಮಾಡಿ ಎರಡನೇ ಸರ್ವರಿನಾಗ ಮರತ್ರ, ಆರು ತಿಂಗಳ ಮ್ಯಾಲ ಫೇಲ್‌ಓವರ್ ಆದ (ಕೆಲಸ ಇನ್ನೊಂದು ಸರ್ವರಿಗೆ ಹೋದ) ರಾತ್ರಿ ಅದು ಹೊರಗ ಬರ್ತದ. ಇಬ್ಬರೇ ಇದ್ದೀರಿ.

ಫೇಲ್‌ಓವರ್ ಕ್ಲಸ್ಟರ್ ಇನ್‌ಸ್ಟನ್ಸ್ ಅಂದ್ರ ಇಡೀ ಎಸ್‌ಕ್ಯೂಎಲ್ ಹಂಗೇ ಎದ್ದು ಆ ಕಡೆ ಹೋಗ್ತದ, ಮೂರು ಡೇಟಾಬೇಸ್, ಲಾಗಿನ್, ಜಾಬ್ ಎಲ್ಲಾ. ಸ್ಟ್ಯಾಂಡರ್ಡ್‌ದಾಗ ಎರಡು ನೋಡ್ (ಕ್ಲಸ್ಟರಿನ ಸರ್ವರ್) ತನಕ ಬಿಡ್ತದ. ಅದಕ್ಕ ಹಂಚಿಕೊಳ್ಳೋ ಡಿಸ್ಕ್ ಬೇಕು, ಅದಕ್ಕ ಎರಡನೇ ಕೊಟೇಶನ್. ವಿಂಡೋಸಿನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ (ಎರಡೂ ಸರ್ವರಿನ ಒಳಗಿನ ಡಿಸ್ಕ್ ಕೂಡಿಸಿ ಹಂಚೋದು) ಅಂತ ಇನ್ನೊಂದು ದಾರಿ ಅದ, ಆದ್ರ ಅದಕ್ಕ ಡೇಟಾಸೆಂಟರ್ ಎಡಿಷನ್ ಬೇಕಾಗ್ತದ, ನಿಮ್ಮ ಬಜೆಟ್ ಹಾರಿ ಹೋಗ್ತದ.

ಎನ್‌ಕ್ಲೋಜರ್ ತಗೊಂಡ್ರ ಕೇಬಲ್ ಹಾಕೋದು ಸರಿ ತಿಳ್ಕೋರಿ. ಪ್ರತಿ ಸರ್ವರಿನಾಗ ಎರಡು ಸಾಸ್ ಎಚ್‌ಬಿಎ ಕಾರ್ಡ್ (ಸರ್ವರಿಗೆ ಡಿಸ್ಕ್ ಕೇಬಲ್ ಜೋಡಿಸೋ ಕಾರ್ಡ್), ರೇಡ್ ಕಾರ್ಡ್ ಅಲ್ಲ, ಸಾದಾ ಎಚ್‌ಬಿಎ. ಒಂದರ ಕೇಬಲ್ ಮ್ಯಾಲಿನ ಕಂಟ್ರೋಲರಿಗೆ, ಇನ್ನೊಂದರದು ಕೆಳಗಿಂದಕ್ಕ. ನಾಲ್ಕು ಕೇಬಲ್. ವಿಂಡೋಸಿನಾಗ ಎಂಪಿಐಒ (ಡಿಸ್ಕಿನ ಎರಡು ದಾರಿ ಒಂದು ಮಾಡಿ ತೋರಿಸೋ ಸೌಲಭ್ಯ) ಹಾಕದಿದ್ರ ಒಂದೇ ಡಿಸ್ಕ್ ಎರಡೆರಡು ಸಲ ಕಾಣ್ತದ, ಗಾಬರಿ ಆಗಿ ಒಂದನ್ನ ಫಾರ್ಮ್ಯಾಟ್ ಹೊಡದೀರಿ ಮತ್ತ! ಡಿಸ್ಕ್ ಸಾಸ್‌ದೇ ಇರಬೇಕು, ಅದಕ್ಕ ಎರಡು ಪೋರ್ಟ್ ಇರ್ತಾವ, ಎರಡೂ ಕಂಟ್ರೋಲರ್ ಮುಟ್ಟತಾವ, ಸಾಟಾಕ್ಕ (ಸಾದಾ ಪಿಸಿ ಡಿಸ್ಕಿಗೆ) ಒಂದೇ. ಕಂಟ್ರೋಲರಿನ ರೈಟ್ ಕ್ಯಾಶ್ (ಬರಹ ತಾತ್ಕಾಲಿಕ ಹಿಡಿಯೋ ಮೆಮೊರಿ) ಬ್ಯಾಟರಿ ಇಲ್ಲಾ ಫ್ಲ್ಯಾಶ್ ಆಸರ ಇದ್ದದ್ದೇ ಬೇಕು, ಮತ್ತ ಎರಡೂ ಕಂಟ್ರೋಲರ್‌ದಾಗ ಮಿರರ್ ಆಗಬೇಕು, ಇದು ಕೊಟೇಶನ್‌ದಾಗ ಬರಸ್ಕೋರಿ. ಸ್ಕಸಿ 3 ಪರ್ಸಿಸ್ಟೆಂಟ್ ರಿಸರ್ವೇಶನ್ (ಡಿಸ್ಕ್ ಈಗ ಯಾವ ಸರ್ವರಿಂದು ಅಂತ ಕಾಯ್ದಿಡೋ ಪದ್ಧತಿ) ಇಲ್ಲದ ಡಬ್ಬಿ ವಿಂಡೋಸ್ ಕ್ಲಸ್ಟರಿಗೆ ನಡಿಯೂದಿಲ್ಲ, ರೊಕ್ಕ ಕೊಡೋಕಿಂತ ಮೊದಲ ವ್ಯಾಲಿಡೇಶನ್ ಟೆಸ್ಟ್ ಓಡಿಸಿ ತೋರಸ್ರಿ ಅನ್ರಿ.

ಡಿಬಿಎ ಸರ್ ಅಂದಂಗ ಡಬ್ಬಿ ಒಂದೇ, ಇದು ಖರೇ. ಸಾಸ್ ಕೇಬಲ್ ನಾಲ್ಕಾರು ಮೀಟರ್ ಅಷ್ಟೇ ಬರ್ತಾವ, ಎರಡೂ ಸರ್ವರ್ ಒಂದೇ ರ‍್ಯಾಕಿನಾಗ ಕೂಡಬೇಕು, ಆ ಖೋಲ್ಯಾಗ ಬೆಂಕಿ ಬಿದ್ರ ಎಲ್ಲಾ ಹೋತು. ಅದಕ್ಕ ನಾನು ಲಾಗ್ ಶಿಪ್ಪಿಂಗ್ ಹಾಕ್ತೀನಿ. ಐದು ನಿಮಿಷಕ್ಕೊಮ್ಮೆ ಲಾಗ್ ಬ್ಯಾಕಪ್ ತಗದು ಬ್ಯಾರೆ ಬಿಲ್ಡಿಂಗಿನ ಒಂದು ಸಾದಾ ಸರ್ವರಿಗೆ ಕಳಿಸಿ ಅಲ್ಲಿ ರಿಸ್ಟೋರ್ ಮಾಡ್ತದ. ಸ್ಟ್ಯಾಂಡರ್ಡ್‌ದಾಗ ಬರ್ತದ, ಹಳೇ ಕಾಲದ್ದು, ಕೆಡೋದು ಭಾಳ ಕಡಿಮಿ.

ಕಾಟಾ_ಮುಧೋಳ

ಗುಮ್ಮಟ ಸರ್, ನೀವು ಹೇಳಿದ್ದು ಬರೋಬ್ಬರಿ ಐತ್ರಿ, ಬಿಲ್ ಪ್ರೊಸೀಜರ್ ಎರಡೂ ಡೇಟಾಬೇಸ್ ಮುಟ್ಟತೈತಿ, ಈಗ ತಗದು ನೋಡಿದೆ, ಹನ್ನೊಂದು ಕಡೆ ಐತಿ. ಸಾಫ್ಟ್‌ವೇರ್ ಮಾಡಿದವರು ಪುಣೆದಾಗ ಅದಾರ, ಹಂಗಾಮಿನ ಮುಂದ ಬದಲಿ ಮಾಡೂದಿಲ್ಲ ಅಂದ್ರು.

ಎನ್‌ಕ್ಲೋಜರಿನಾಗ 10,000 ಆರ್‌ಪಿಎಂ ಡಿಸ್ಕ್ ಹಾಕೂನೋ ಎಸ್‌ಎಸ್‌ಡಿ ಹಾಕೂನೋ? ಎಸ್‌ಎಸ್‌ಡಿ ಬರದು ಬರದು ಸವೀತಾವ ಅಂತ ನಮ್ಮ ಸ್ಟೋರಿನವರು ಹೆದರಸ್ಯಾರ. ಒಬ್ಬ ಸಪ್ಲಾಯರ್ ಲ್ಯಾಪ್‌ಟಾಪಿಗೆ ಹಾಕೋ ಎಸ್‌ಎಸ್‌ಡಿನ ಹಾಕ್ರಿ, ಅರ್ಧ ರೇಟಿಗೆ ಬರ್ತಾವ ಅಂತಾನ.

ಇಳಕಲ್_ಲಿನಕ್ಸ್

ಲ್ಯಾಪ್‌ಟಾಪ್ ಎಸ್‌ಎಸ್‌ಡಿ ಮಾತ್ರ ಹಾಕಬ್ಯಾಡ್ರಿ ಅಣ್ಣಾ, ಕೈ ಮುಗದು ಹೇಳ್ತೇನಿ. ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಲಿನಕ್ಸ್, ಆದ್ರ ಡಿಸ್ಕ್ ಯಾರಿಗಾದ್ರೂ ಡಿಸ್ಕ್. ಮೊದಲ ನಾವೂ ಸಾದಾ ಎಸ್‌ಎಸ್‌ಡಿ ಹಾಕಿದ್ವಿ. ಡಬ್ಬಿ ಮ್ಯಾಲ ಸೆಕೆಂಡಿಗೆ ಇಷ್ಟು ಲಕ್ಷ ಅಂತ ಬರದಿತ್ತು, ಪೋಸ್ಟ್‌ಗ್ರೆಸ್ ಜೋಡಿ ಬರೋ ಎಫ್‌ಸಿಂಕ್ ಟೆಸ್ಟ್ (ಡಿಸ್ಕಿಗೆ ಪಕ್ಕಾ ಬರಿಯೋ ವೇಗದ ಪರೀಕ್ಷೆ) ಹಾಕಿದ್ರ ಸೆಕೆಂಡಿಗೆ ಐನೂರರ ಆಸುಪಾಸು ಬಂತು. ಅದ ಸರ್ವರಿನಾಗ ಕೆಪಾಸಿಟರ್ ಇದ್ದ ಸರ್ವರ್ ಎಸ್‌ಎಸ್‌ಡಿ ಹಾಕಿದ್ರ ಹತ್ತು ಸಾವಿರದ ಮ್ಯಾಲ ಹೋತು.

ಕಾರಣ ಏನಂದ್ರ, ಡೇಟಾಬೇಸ್ ಪ್ರತಿ ಕಮಿಟ್ಟಿಗೆ "ಇದು ಖರೇನ ಡಿಸ್ಕಿಗೆ ಮುಟ್ಟೈತೇನು" ಅಂತ ಕೇಳತೈತಿ. ಸರ್ವರ್ ಎಸ್‌ಎಸ್‌ಡಿ ಒಳಗ ಪವರ್ ಲಾಸ್ ಪ್ರೊಟೆಕ್ಷನ್ ಅಂತ ಸಣ್ಣ ಕೆಪಾಸಿಟರ್ ಸಾಲು ಇರ್ತಾವ, ಕರೆಂಟ್ ಹೋದ್ರೂ ಅದರಾಗಿನ ಚಾರ್ಜ್ ಮ್ಯಾಲ ಕ್ಯಾಶಿನಾಗಿದ್ದದ್ದನ್ನ ಫ್ಲ್ಯಾಶಿಗೆ ಬರದು ಮುಗಸತೈತಿ, ಅದಕ್ಕ ಡೇಟಾ ಕ್ಯಾಶಿಗೆ ಬಂದಕೂಡ್ಲೇ "ಆತು" ಅಂತ ಧೈರ್ಯಾಗಿ ಹೇಳಬಹುದು. ಸಾದಾದ್ರಾಗ ಅದಿಲ್ಲ. ಒಂದೋ ಪ್ರತಿ ಸಲ ಫ್ಲ್ಯಾಶಿಗೆ ಬರದು ಆಮ್ಯಾಲ ಹೇಳಬೇಕು, ನಿಧಾನ ಆಗತೈತಿ, ಇಲ್ಲಾ ಬರೀದ ಬರದೇನಿ ಅಂತ ಸುಳ್ಳು ಹೇಳಬೇಕು, ಕರೆಂಟ್ ಹೋದ ದಿನ ಡೇಟಾಬೇಸ್ ಕೆಡತೈತಿ. ಹಂಗಾಮಿನಾಗ ನಿಮಗ ಕರೆಂಟ್ ನಿಮ್ಮ ಟರ್ಬೈನಿಂದನ ಬರೂದು ಹೌದಲ್ರಿ? ಅದು ಟ್ರಿಪ್ ಆದ್ರ ಏನಾಗತೈತಿ ನಿಮಗ ಗೊತ್ತೈತಿ. ಮತ್ತ ವಿಂಡೋಸಿನ ಡಿಸ್ಕ್ ಪಾಲಿಸಿಯೊಳಗ ರೈಟ್ ಕ್ಯಾಶ್ ಫ್ಲಶ್ ಬಂದ್ ಮಾಡೋ ಚೆಕ್‌ಬಾಕ್ಸ್ ಒಂದು ಐತಿ, ಅದಕ್ಕ ಟಿಕ್ ಹಾಕಿದ್ರ ಫಾಸ್ಟ್ ಆಗತೈತಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ.

ಸವೆತದ ಹೆದರಿಕಿ ಬ್ಯಾಡ. ಸರ್ವರ್ ಎಸ್‌ಎಸ್‌ಡಿಗೆ ದಿನಕ್ಕ ಎಷ್ಟು ಸಲ ಪೂರ್ತಿ ಬರೀಬಹುದು ಅಂತ ರೇಟಿಂಗ್ ಇರ್ತೈತಿ, ಡಿಡಬ್ಲ್ಯೂಪಿಡಿ ಅಂತಾರ. 960 ಜಿಬಿದು 1 ರೇಟಿಂಗಿನ ಡಿಸ್ಕ್ ಅಂದ್ರ ಗ್ಯಾರಂಟಿ ಮುಗಿಯೋ ತನಕ ದಿನಾ 960 ಜಿಬಿ ಬರೀಬಹುದು. ನೀವು ಹಂಗಾಮು ಪೂರ್ತಿ ಕೂಡಿ 25 ಜಿಬಿ ಹೆಚ್ಚು ಮಾಡ್ತೀರಿ. ಲಾಗು, ಟೆಂಪ್‌ಡಿಬಿ (ಎಸ್‌ಕ್ಯೂಎಲ್‌ದು ತಾತ್ಕಾಲಿಕ ಡೇಟಾಬೇಸ್), ಇಂಡೆಕ್ಸ್ ಎಲ್ಲಾ ಹಿಡದು ದಿನಕ್ಕ 50 ಜಿಬಿ ಬರದ್ರೂ 1ರದ್ದ ಸಾಕು, 3ರದ್ದಕ್ಕ ಹೆಚ್ಚಿನ ರೊಕ್ಕ ಹಾಕಬ್ಯಾಡ್ರಿ.

ನಿಮ್ಮಂಥವರಿಗೆ ಒಂದು ಬ್ಯಾರೆ ಎಚ್ಚರ ಹೇಳಬೇಕು, ಇದು ಬೆಂಗಳೂರಿನವರಿಗೆ ಹೊಳಿಯೂದಿಲ್ಲ. ಹಂಗಾಮು ಮುಗಿದ ಮ್ಯಾಲ ಎಷ್ಟೋ ಕಾರ್ಖಾನಿಯೊಳಗ ಸರ್ವರ್ ಖೋಲಿ ಎಸಿ ಬಂದ್ ಮಾಡಿ ಎರಡನೇ ಸರ್ವರಿಂದು ಪ್ಲಗ್ ತಗದು ಬೀಗ ಹಾಕ್ತಾರ, ಏಪ್ರಿಲ್ ಮೇ ನಮ್ಮಲ್ಲಿ 40 ಡಿಗ್ರಿ ದಾಟತೈತಿ, ಮತ್ತ ತೆಗಿಯೂದು ಅಕ್ಟೋಬರಿಗೆ. ಜೆಡೆಕ್ (ಚಿಪ್ಪಿನ ಮಾನದಂಡ ಮಾಡೋ ಸಂಸ್ಥೆ) ಸ್ಟ್ಯಾಂಡರ್ಡ್ ಪ್ರಕಾರ ಸರ್ವರ್ ಎಸ್‌ಎಸ್‌ಡಿ ಪೂರ್ತಿ ಸವದ ಮ್ಯಾಲ ಕರೆಂಟಿಲ್ಲದ 40 ಡಿಗ್ರಿಯೊಳಗ ಮೂರು ತಿಂಗಳು ಡೇಟಾ ಹಿಡದಿಟ್ರ ಸಾಕು. ಹೊಸಾ ಡಿಸ್ಕ್ ಅದಕ್ಕಿಂತ ಭಾಳ ತಡಕೊಳ್ತಾವ, ಆದ್ರ ವರ್ಷ ಕಳದಂಗ ಅದು ಇಳಕೋತ ಬರ್ತೈತಿ, ಆರು ತಿಂಗಳು ಕಾದ ಖೋಲ್ಯಾಗ ಆರಿಸಿ ಇಡೂ ರೂಢಿ ಬಿಡ್ರಿ. ಹಂಗಾಮು ಇಲ್ಲದಾಗೂ ಚಾಲೂ ಇರಲಿ, ಒಂದು ಎಸಿ ಇರಲಿ.

ಗೋಳಗುಮ್ಮಟ_ಹಾರ್ಡ್‌ವೇರ್

ಇಳಕಲ್ ಅವರು ಹೇಳಿದ್ದು ನಾನೂ ಬರಕೊಂಡೆ, ಮಾರುವಾಗ ಇದನ್ನ ಯಾರೂ ಹೇಳೂದಿಲ್ಲ. ದೂಳಿಂದೂ ಒಂದು ಮಾತು. ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪಿ) ದೂಳು ಸಾದಾ ಮಣ್ಣಿನಂಗಲ್ಲ, ಹಗುರ, ನಾರು ನಾರು, ಫ್ಯಾನ್ ಜಾಳಗಿಗೆ ಕಂಬಳಿಯಂಗ ಹತ್ತತದ. ಒಂದು ಕಡೆ ಎನ್‌ಕ್ಲೋಜರ್ ತಗದಾಗ ಮುಂದಿನ ಬೇಗಳ ಸಂದಿ ಪೂರ್ತಿ ಮುಚ್ಚಿತ್ತು, ಬೆರಳಿಂದ ಎಳದ್ರ ಹಾಳಿಯಂಗ ಎದ್ದು ಬಂತು, ಒಳಗಿನ ಡಿಸ್ಕ್ ಕೈ ಸುಡ್ತಿತ್ತು. ರ‍್ಯಾಕಿಗೆ ಫಿಲ್ಟರ್ ಇದ್ದ ಬಾಗಿಲಾ ಹಾಕಸ್ರಿ, ಹದಿನೈದು ದಿನಕ್ಕೊಮ್ಮೆ ತೊಳೀರಿ.

ಕಾಟಾ_ಮುಧೋಳ

ಎರಡು ವಾರ ಆತು, ಏನೇನ ಆತು ಹೇಳ್ತೇನಿ.

ಡಿಬಿಎ ಅಣ್ಣಾರ ಹೇಳಿದಂಗ ಜನವರಿಯ ಬ್ಯಾಕಪ್ ಹಳೇ ಸರ್ವರಿನ ಮ್ಯಾಲ ಹಾಕಿ ಬಿಲ್ ರನ್ ಓಡಿಸಿದ್ವಿ, ಜೋಡೀಲೆ ಬ್ಯಾಕಪ್ ಹಚ್ಚಿದ್ವಿ. ಓದು ಸೆಕೆಂಡಿಗೆ 280ಕ್ಕ ಹೋಗಿ ಅಲ್ಲೇ ಗೋಡಿಗೆ ಹಾದಂಗ ನಿಂತಿತು, ನೀವು ಹೇಳಿದ 300ರ ಲೆಕ್ಕ ಕಣ್ಣಿಗೆ ಕಂಡಂಗಾತು. ಲಾಗ್ ಬರಹ ಸರಾಸರಿ 31 ಮಿಲಿಸೆಕೆಂಡ್. ಬಿಲ್ ಮುಗಿಯಾಕ 47 ನಿಮಿಷ. ಎರಡನೇ ಕೊಟೇಶನ್‌ದವರು ಡೆಮೋಕ್ಕ ಎನ್‌ಕ್ಲೋಜರ್ ತಂದಿದ್ರು, ಎಸ್‌ಎಸ್‌ಡಿ ನಾಲ್ಕು, ರೇಡ್ 10, ಫಾರ್ಮ್ಯಾಟ್ 64 ಕೆಬಿ. ಅದ ಬಿಲ್ ಅದ ಬ್ಯಾಕಪ್ ಜೋಡಿ 6 ನಿಮಿಷಕ್ಕ ಮುಗೀತು, ಲಾಗ್ ಬರಹ 1 ಮಿಲಿಸೆಕೆಂಡ್ ಒಳಗ. ನನ್ನ ಜೋಡಿ ಇರೋ ಹುಡುಗ ಏನೋ ತಪ್ಪಾಗೈತಿ ಅಂತ ಮತ್ತೊಮ್ಮೆ ಓಡಿಸಿದ, ಮತ್ತ 6.

ಹಿಂಗಾಗಿ ಎರಡನೇದ್ದ ಮಾಡೂದು ಅಂತ ನಿಕ್ಕಿ ಆತು. ಕೆಪಾಸಿಟರ್ ಇರೋ 960 ಜಿಬಿದು ಸಾಸ್ ಎಸ್‌ಎಸ್‌ಡಿ ನಾಲ್ಕು ರೇಡ್ 10, ಒಂದು ಹಾಟ್ ಸ್ಪೇರ್ (ಒಂದು ಕೆಟ್ರ ತಾನ ಹತ್ತಕೊಳ್ಳೋ ಹೆಚ್ಚಿನ ಡಿಸ್ಕ್). ಟೆಂಪ್‌ಡಿಬಿ ಮಾತ್ರ ಪ್ರತಿ ಸರ್ವರಿನ ಒಳಗಿನ ಡಿಸ್ಕಿಗೆ. ಒಂದನೇ ಕೊಟೇಶನ್ನಿನ ನಾಸ್ ಡಬ್ಬೀನೂ ತಗೋತೇವಿ, ಆದ್ರ ಬ್ಯಾಕಪ್ಪಿಗೆ, ಅದು ಆಡಳಿತ ಆಫೀಸಿನಾಗ ಇರ್ತೈತಿ. ಹಳೇ ಸರ್ವರಿಗೆ ಎರಡು ಎಸ್‌ಎಸ್‌ಡಿ ಹಾಕಿ ಅದನ್ನೂ ಆ ಆಫೀಸಿಗೆ ಒಯ್ದು ಲಾಗ್ ಶಿಪ್ಪಿಂಗ್ ಹಚ್ಚೂದು.

ಸಾಹೇಬ್ರು ಒಂದ ಪ್ರಶ್ನೆ ಕೇಳಿದ್ರು, ಆ ಡಬ್ಬಿನ ಪೂರ್ತಿ ಹೋದ್ರ ಎಷ್ಟು ಕಳಕೊಳ್ತೇವಿ ಅಂತ. ಐದು ನಿಮಿಷ ಅಂದೆ. ಐದು ನಿಮಿಷ ಅಂದ್ರ ಏನು ಅಂದ್ರು. ನಿಮಿಷಕ್ಕ ಒಂದೂಕಾಲು ತೂಕ ಅಂದ್ರ ಆರೇಳು ಚೀಟಿ ಸಾಹೇಬ್ರ, ಕಾರ್ಬನ್ ಕಾಪಿ ನೋಡಿ ಒಬ್ಬ ಆಪರೇಟರ್ ಚಾ ಕುಡಿಯೂದ್ರೊಳಗ ಹೊಡೀತಾನ ಅಂದೆ. ಅಲ್ಲೇ ಸಹಿ ಮಾಡಿದ್ರು.

ಒಂದ ಉಳದೈತಿ. ಎರಡು ನೋಡಿಗೆ, ಯಾವುದು ನಡೀಬೇಕು ಅಂತ ನಿಕ್ಕಿ ಮಾಡಾಕ, ಮೂರನೇ ವೋಟ್ ಬೇಕು ಅಂತ ಓದೇನಿ, ಅದನ್ನ ಎಲ್ಲಿ ಇಡೂದು?

ಕುಂದಾನಗರಿ_ಡಿಬಿಎ

ಮೂರು ಡೇಟಾಬೇಸ್ ಒಂದನ್ನೊಂದು ಮುಟ್ಟತಾವ ಅನ್ನೂದು ನನಗ ಮೊದಲ ಕೇಳಬೇಕಿತ್ತು, ಗುಮ್ಮಟ ಅವರು ಹೇಳಿದ್ದ ನಿಮಗ ಸರಿ ಐತಿ. ವೋಟಿಗೆ ಎನ್‌ಕ್ಲೋಜರಿನಾಗ ಒಂದು 1 ಜಿಬಿ ಸಣ್ಣ ಲನ್ (ಡಿಸ್ಕಿನ ಪಾಲು) ಮಾಡಿ ಡಿಸ್ಕ್ ವಿಟ್ನೆಸ್ ಹಾಕ್ರಿ ಸಾಕು, ಆ ಡಬ್ಬಿ ಹೋದ್ರ ಕ್ಲಸ್ಟರ್ ಹೆಂಗೂ ನಿಲ್ಲತೈತಿ, ವೋಟ್ ಬ್ಯಾರೆ ಕಡೆ ಇಟ್ಟು ಉಪಯೋಗ ಇಲ್ಲ. ಲೈಸೆನ್ಸ್ ತಗೊಳ್ಳೂವಾಗ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸಿನ ಮ್ಯಾಲ ಮೈಕ್ರೋಸಾಫ್ಟ್ ಕೊಡೋ ಹೆಚ್ಚಿನ ಒಪ್ಪಂದ) ಜೋಡಿ ತಗೋರಿ, ಅಂದ್ರ ಸುಮ್ಮ ಕುಂತಿರೋ ಎರಡನೇ ನೋಡಿಗೂ ಲಾಗ್ ಶಿಪ್ಪಿಂಗ್ ಸರ್ವರಿಗೂ ಬ್ಯಾರೆ ಲೈಸೆನ್ಸ್ ಬೇಕಾಗೂದಿಲ್ಲ, ಕಾಗದದ ಮ್ಯಾಲ ಖಾತ್ರಿ ಮಾಡ್ಕೋರಿ.

ಮತ್ತ ನಾಸಿನ ಬ್ಯಾಕಪ್ ತಿಂಗಳಿಗೊಮ್ಮೆ ಯಾವುದರ ಪಿಸಿ ಮ್ಯಾಲ ರಿಸ್ಟೋರ್ ಮಾಡಿ ನೋಡ್ರಿ. ಯಾರರ ತಪ್ಪಿ ಡಿಲೀಟ್ ಹೊಡದ್ರ ಕ್ಲಸ್ಟರ್ ಅದನ್ನೂ ಅಷ್ಟ ನಿಷ್ಠೆಯಿಂದ ಕಾಯ್ತೈತಿ.

ಗೋಳಗುಮ್ಮಟ_ಹಾರ್ಡ್‌ವೇರ್

ಗಾಡಿ ಬರೋಕಿಂತ ಮೊದಲ, ಬಿಲ್ ರನ್ ಓಡ್ತಿರುವಾಗ, ಒಂದು ಕಂಟ್ರೋಲರ್ ಕೈಯಿಂದ ಎಳದು ತಗೀರಿ. ಆಮೇಲೆ ಒಂದು ಡಿಸ್ಕ್. ಆಮೇಲೆ ಚಾಲೂ ಇರೋ ಸರ್ವರಿನ ಎರಡೂ ಪವರ್ ಕೇಬಲ್. ಸಪ್ಲಾಯರ್ ಎದುರಿಗೇ ಮಾಡ್ರಿ, ಕೊನೇ ಪೇಮೆಂಟ್ ಅಷ್ಟರ ಮಟ ಹಿಡೀರಿ.

ಕಾಟಾ_ಮುಧೋಳ

ನಿನ್ನೆ ಮಾಡಿದ್ವಿ ಸರ್. ಕಂಟ್ರೋಲರ್ ಎಳದಾಗ ಬಿಲ್ ರನ್ ಹತ್ತು ಸೆಕೆಂಡ್ ತಡದು ಮತ್ತ ಮುಂದ ಹೋತು. ಡಿಸ್ಕ್ ತಗದಿದ್ದು ಕಾಟಾದವರಿಗೆ ಗೊತ್ತ ಆಗಲಿಲ್ಲ, ಸ್ಪೇರ್ ತಾನ ಹತ್ತಕೊಂಡು ತುಂಬಾಕತ್ತಿತು. ಪವರ್ ತಗದಾಗ 40 ಸೆಕೆಂಡಿಗೆ ಆ ಕಡೆ ಎದ್ದಿತು, ಬಿಲ್ ರನ್ ಮತ್ತ ಮೊದಲಿಂದ ಹಚ್ಚಬೇಕಾತು, ಆದ್ರ ಆಪರೇಟರ್ ಎರಡನೇ ಸಲ ಸೇವ್ ಒತ್ತಿದ್ರ ತೂಕ ಕುಂತಿತು. ಆ ಚೀಟಿ ತಗದು ಸರ್ವರ್ ಖೋಲಿ ಬಾಗಿಲಿಗೆ ಅಂಟಿಸೇನಿ.